ಬಿಲ್ಡ್ ನಂಬರ್ 37: ಪೀಣ್ಯದ ಹಾಲಿನ ಯಂತ್ರವೊಂದರ ಪ್ರಕರಣ

ಪೀಣ್ಯ ಎರಡನೇ ಹಂತದಲ್ಲಿ ಒಂದು ಸಣ್ಣ ಕಾರ್ಖಾನೆ. ಕೆಳಗೆ ಲೇತ್, ಪವರ್ ಪ್ರೆಸ್. ಮೇಲಿನ ಮಹಡಿಯಲ್ಲಿ ಬೋರ್ಡ್ ಜೋಡಿಸುವ ಮೇಜುಗಳು. ಅಲ್ಲಿ ತಯಾರಾಗುವುದು ಹಳ್ಳಿಯ ಹಾಲಿನ ಡೇರಿಗಳಲ್ಲಿ ಇಡುವ ಪೆಟ್ಟಿಗೆ. ರೈತರು ತಂದ ಹಾಲಿನ ತೂಕವನ್ನೂ ಫ್ಯಾಟನ್ನೂ ಆಯಾ ಯಂತ್ರಗಳಿಂದ ಓದಿಕೊಂಡು, ದರ ಲೆಕ್ಕ ಹಾಕಿ, ಪರದೆಯ ಮೇಲೆ ಕನ್ನಡದಲ್ಲಿ ತೋರಿಸಿ, ಚೀಟಿ ಮುದ್ರಿಸಿ, ಬೆಳಿಗ್ಗೆ ಸಂಜೆ ಲೆಕ್ಕವನ್ನು ಮೋಡೆಮ್ ಮೂಲಕ ಕಳಿಸುತ್ತದೆ. ಒಳಗಿರುವುದು ಎಎಂ3358 ಚಿಪ್, 512 ಎಂಬಿ ಮೆಮೊರಿ, 4 ಜಿಬಿ ಇಎಂಎಂಸಿ ಎಂಬ ಸಂಗ್ರಹ ಚಿಪ್, ಮತ್ತು ಇಂತಹ ಸಣ್ಣ ಯಂತ್ರಗಳಿಗೆ ಲಿನಕ್ಸ್ ಕಟ್ಟಿಕೊಡುವ ಬಿಲ್ಡ್‌ರೂಟ್ ಎಂಬ ಸಾಧನ ಬಳಸಿ ಕಟ್ಟಿದ ಲಿನಕ್ಸ್.

ಕಳೆದ ಮಳೆಗಾಲದಲ್ಲಿ ಅಲ್ಲಿನ ಯಜಮಾನರು ಫೋನ್ ಮಾಡಿದರು. "ಮೇಡಂ, ಸೋರ್ಸ್ ಎಲ್ಲಾ ಭದ್ರವಾಗಿದೆ. ಬಿಲ್ಡ್ ಒಂದು ಆಗ್ತಾ ಇಲ್ಲ, ಅಷ್ಟೇ."

ಸೋರ್ಸ್ ಎಂದರೆ ಬರೆದಿಟ್ಟ ಪ್ರೋಗ್ರಾಮ್; ಅದನ್ನು ಯಂತ್ರ ಓಡಿಸಬಲ್ಲ ಬೈನರಿಯಾಗಿ ಕಟ್ಟುವುದೇ ಬಿಲ್ಡ್. ಆ "ಅಷ್ಟೇ" ಎಷ್ಟು ದೊಡ್ಡದು ಎಂದು ಈ ಕೆಲಸ ಮಾಡುವವರಿಗೆಲ್ಲ ಗೊತ್ತು. ಮೂರು ವಾರ ಹಿಡಿಯಿತು. ಏನೇನು ಮಾಡಿದೆವು, ಯಾವುದು ವ್ಯರ್ಥವಾಯಿತು, ಯಾವುದು ಕೈ ಹಿಡಿಯಿತು ಎಂದು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಇದೇ ಸ್ಥಿತಿಯಲ್ಲಿರುವ ಸಣ್ಣ ಕಂಪನಿಗಳು ನಮ್ಮ ಊರಿನಲ್ಲಿ ಬೇಕಾದಷ್ಟಿವೆ.

ಏಕೆ ಬಿಲ್ಡ್ ಬೇಕಾಯಿತು

ಪೆಟ್ಟಿಗೆಯೊಳಗಿನ ಹಳೆಯ 2ಜಿ ಮೋಡೆಮ್ ಸಿಗುವುದು ನಿಂತಿತ್ತು. ಅದರ ಬದಲಿಗೆ ಯುಎಸ್‌ಬಿಯಲ್ಲಿ ಕೂರುವ 4ಜಿ ಮೋಡೆಮ್ ಹಾಕಬೇಕು. ಹಳೆಯದು ನೇರವಾಗಿ ಯುಆರ್ಟ್ ಎಂಬ ಸೀರಿಯಲ್ ತಂತಿಗಳ ಮೇಲೆ ಮಾತಾಡುತ್ತಿದ್ದುದರಿಂದ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಯುಎಸ್‌ಬಿ ಮೋಡೆಮ್‌ಗೆ ಬೇಕಾದ "ಆಪ್ಷನ್" ಎಂಬ ಡ್ರೈವರನ್ನು ಹಾಕಿಯೇ ಇರಲಿಲ್ಲ. ಡ್ರೈವರ್ ಇದ್ದಿದ್ದರೆ ಹೊಸ ಮೋಡೆಮ್‌ನ ಗುರುತಿನ ಸಂಖ್ಯೆಯನ್ನು, ಕರ್ನಲ್‌ನ ಸಂಗತಿಗಳನ್ನು ಫೈಲುಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನ "ನ್ಯೂ ಐಡಿ" ಫೈಲಿಗೆ ಬರೆದು, ಏನನ್ನೂ ಮತ್ತೆ ಕಂಪೈಲ್ ಮಾಡದೆ ಕೆಲಸ ಮುಗಿಸಬಹುದಿತ್ತು. ನಾನು ಮೊದಲು ನೋಡಿದ್ದೇ ಅದನ್ನು. ಆ ದಾರಿ ಇರಲಿಲ್ಲ.

ಅಂದರೆ ಕರ್ನಲ್ ಮತ್ತೆ ಕಟ್ಟಬೇಕು. ಬೋರ್ಡಿನ ಮೇಲಿರುವುದು ಆರ್ಮ್ ಪ್ರೊಸೆಸರ್, ನಮ್ಮ ಲ್ಯಾಪ್‌ಟಾಪಿನದು ಇಂಟೆಲ್ ಜಾತಿ. ಇಲ್ಲಿ ಕೂತು ಅಲ್ಲಿಗೆ ಬೇಕಾದ ಬೈನರಿ ತಯಾರಿಸುವುದೇ ಕ್ರಾಸ್ ಕಂಪೈಲ್. ಅದಕ್ಕೆ ಬೇಕಾದ ಕಂಪೈಲರ್, ಲಿಂಕರ್, ಸಿ ಲೈಬ್ರರಿ ಎಲ್ಲ ಸೇರಿ ಟೂಲ್‌ಚೈನ್. ಟೂಲ್‌ಚೈನ್, ಬಿಲ್ಡ್‌ರೂಟ್‌ನ ಮರ (ಅದರ ಫೈಲು, ಫೋಲ್ಡರುಗಳೆಲ್ಲ), ಡೌನ್‌ಲೋಡ್ ಮಾಡಿಟ್ಟ ಸೋರ್ಸ್ ಗಂಟುಗಳು, ಇವೆಲ್ಲ ಕೂತಿದ್ದ ಉಬುಂಟು 14.04ರ ಒಂದು ಹಳೆಯ ಪಿಸಿ, ಒಟ್ಟಾಗಿ ಇದೇ ಬಿಲ್ಡ್ ಪರಿಸರ.

ಆ ಪಿಸಿ ಈಗ ಅಕೌಂಟ್ಸ್ ವಿಭಾಗದಲ್ಲಿದೆ. ಅದನ್ನು ನೋಡಿಕೊಳ್ಳುತ್ತಿದ್ದ ಎಂಜಿನಿಯರ್ 2019ರಲ್ಲಿ ಬೇರೆ ಕಡೆ ಹೋದರು. ಯಾರೂ ಬಳಸುತ್ತಿಲ್ಲವೆಂದು ವಿಂಡೋಸ್ ಹಾಕಿ ಕೊಟ್ಟುಬಿಟ್ಟರು. ಉಳಿದದ್ದು ಮೂರು: ಆ್ಯಪ್‌ನ ಸೋರ್ಸ್ ಮತ್ತು ಕರ್ನಲ್ ಪ್ಯಾಚ್‌ಗಳಿರುವ, ಬದಲಾವಣೆಗಳ ದಾಖಲೆ ಇಡುವ ಗಿಟ್ ರೆಪೊ, ಅದರಲ್ಲಿ 2018ರ ಕೊನೆಯ ಬಿಡುಗಡೆಗೆ ಹಾಕಿದ ಟ್ಯಾಗ್; ಬಿಲ್ಡ್‌ರೂಟ್ ಮರದ ಒಂದು ಜಿಪ್, ಆಗಸ್ಟ್ 2017ರದು; ಮತ್ತು ಟೂಲ್‌ಚೈನ್ ಬಿಚ್ಚಿಟ್ಟ ಫೋಲ್ಡರಿನ ನಕಲು, ಒಂದು ಪೆನ್ ಡ್ರೈವ್‌ನಲ್ಲಿ.

ಮೂರು ದಿನ, ಹನ್ನೊಂದು ತೇಪೆ

ನಾನು ಹೋಗುವ ಮೊದಲೇ ಅಲ್ಲಿನ ಹೊಸ ಎಂಜಿನಿಯರ್ ಹುಡುಗ ಪ್ರಯತ್ನ ಮಾಡಿದ್ದ. ಚುರುಕಿನ ಹುಡುಗ; ಮಾಡಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಸಾಲುಸಾಲಾಗಿ ಬರೆದಿಟ್ಟಿದ್ದ. ಆ ನೋಟ್‌ಬುಕ್ ನನಗೆ ತುಂಬ ಉಪಯೋಗಕ್ಕೆ ಬಂತು.

ಅವನ ಲ್ಯಾಪ್‌ಟಾಪಿನಲ್ಲಿ ಉಬುಂಟು 22.04. ಪೆನ್ ಡ್ರೈವ್‌ನ ಟೂಲ್‌ಚೈನ್ ನಕಲು ಮಾಡಿ ಕಂಪೈಲರನ್ನು ಓಡಿಸಿದರೆ "ನೋ ಸಚ್ ಫೈಲ್ ಆರ್ ಡೈರೆಕ್ಟರಿ" ಎಂದಿತು. ಫೈಲು ಕಣ್ಣೆದುರಿಗೇ ಇದೆ, ಇಲ್ಲ ಅನ್ನುತ್ತದೆ. ಈ ಸಂದೇಶ ಎಷ್ಟು ಜನರ ದಿನ ತಿಂದಿದೆಯೋ. ಅಲ್ಲಿ ಇಲ್ಲದ್ದು ಕಂಪೈಲರ್ ಅಲ್ಲ. ಅದು 32 ಬಿಟ್ ಬೈನರಿ. ಅದನ್ನು ಮೆಮೊರಿಗೆ ತರುವ 32 ಬಿಟ್ ಲೋಡರ್ 64 ಬಿಟ್ ಉಬುಂಟುವಿನಲ್ಲಿ ತಾನಾಗಿ ಇರುವುದಿಲ್ಲ. ಆ ಲೋಡರ್ ಸಿಗದಿದ್ದಾಗ ಕರ್ನಲ್ ಹೇಳುವುದು ಅದೇ ಮಾತು. ಬೋರ್ಡಿನ ಮೇಲೂ ಹೀಗೇ ಆಗುತ್ತದೆ: ಹಾರ್ಡ್ ಫ್ಲೋಟ್ ಬೈನರಿಯನ್ನು, ದಶಾಂಶ ಸಂಖ್ಯೆಗಳನ್ನು ಬೇರೆ ರೀತಿಯಲ್ಲಿ ನಿಭಾಯಿಸುವ ಸಾಫ್ಟ್ ಫ್ಲೋಟ್ ವ್ಯವಸ್ಥೆಯ ಮೇಲೆ ಓಡಿಸಿದರೆ ಎರಡರ ಲೋಡರ್ ಹೆಸರು ಬೇರೆಯಾದ್ದರಿಂದ ಫೈಲೇ ಇಲ್ಲ ಎಂಬ ಉತ್ತರ ಬರುತ್ತದೆ.

ಟೂಲ್‌ಚೈನ್ ಹಾಳಾಗಿದೆ ಎಂದುಕೊಂಡು ಹುಡುಗ ಅದನ್ನು ಬದಿಗಿಟ್ಟ. ಉಬುಂಟುವಿನದೇ ಆರ್ಮ್ ಕಂಪೈಲರ್ ಹಾಕಿಕೊಂಡ, ಜಿಸಿಸಿ 11. ಅಲ್ಲಿಂದ ಶುರುವಾಯಿತು ಸರಣಿ. ಕರ್ನಲ್ 4.4ರ ಡಿವೈಸ್ ಟ್ರೀ ಕಂಪೈಲರ್ ಲಿಂಕ್ ಆಗಲಿಲ್ಲ, "ವೈವೈಲಾಕ್" ಎಂಬ ವೇರಿಯಬಲ್ ಎರಡು ಕಡೆ ಇದೆ ಎಂದು. ಬಿಲ್ಡ್‌ರೂಟ್ ಮೊದಲು ಕಟ್ಟಿಕೊಳ್ಳುವ ಎಂ4 ಎಂಬ ಸಹಾಯಕ ಪ್ರೋಗ್ರಾಮ್ ಕಂಪೈಲ್ ಆಗಲಿಲ್ಲ. ಫೇಕ್‌ರೂಟ್ ಎಂಬ ಇನ್ನೊಂದೂ ಆಗಲಿಲ್ಲ. ಆಟೋಮೇಕ್ ಓಡುವಾಗ ಅದನ್ನು ಬರೆದ ಭಾಷೆಯಾದ ಪರ್ಲ್ ಒಂದು ಪುಷ್ಪಾವರಣದ ({) ಬಗ್ಗೆ ತಕರಾರು ತೆಗೆಯಿತು. ಒಂದೊಂದಕ್ಕೂ ಹುಡುಕಿ ತೇಪೆ ಹಚ್ಚುತ್ತಾ ಹೋದ. ಹನ್ನೊಂದು ತೇಪೆ.

ಅವನ ಪಟ್ಟಿಯನ್ನು ನೋಡುತ್ತಾ ಪ್ರತಿ ಎರರ್‌ನ ಪಕ್ಕ ನಾನು ಒಂದೊಂದು ಇಸವಿ ಬರೆದೆ. ವೈವೈಲಾಕ್ ತೊಂದರೆ ಹುಟ್ಟಿದ್ದು 2020ರಲ್ಲಿ, ಜಿಸಿಸಿ 10 ಗ್ಲೋಬಲ್ ವೇರಿಯಬಲ್‌ಗಳನ್ನು ಎರಡು ಕಡೆ ಡಿಫೈನ್ ಮಾಡುವುದನ್ನು ಒಪ್ಪದ ಹಾಗೆ ತನ್ನ ನಿಯಮ ಬದಲಿಸಿದಾಗ. ಎಂ4 ಕೆಟ್ಟದ್ದು ಲಿನಕ್ಸ್‌ನ ಸಿ ಲೈಬ್ರರಿಯಾದ ಗ್ಲಿಬ್‌ಸಿಯ 2018ರ 2.28 ಆವೃತ್ತಿಯಿಂದ, ಅದು ಒಳಗಿನ ಕೆಲವು ಹೆಸರುಗಳನ್ನು ಮುಚ್ಚಿತು. ಫೇಕ್‌ರೂಟ್ ಕೆಟ್ಟದ್ದು 2021ರ ಗ್ಲಿಬ್‌ಸಿ 2.33ರಿಂದ. ಪರ್ಲ್‌ನ ತಕರಾರು 2017ರ 5.26ರದು. ಇವುಗಳಲ್ಲಿ ಒಂದೂ ಹಾಲಿನ ಯಂತ್ರದ ತಪ್ಪಲ್ಲ, ಹುಡುಗನ ತಪ್ಪೂ ಅಲ್ಲ. 2016ರ ಸೋರ್ಸ್ ಹಾಗೇ ಇದೆ, ಅದರ ಸುತ್ತಲಿನ ಪ್ರಪಂಚ ಮುಂದೆ ಹೋಗಿದೆ. ಹೀಗೆ ಇಸವಿ ಬರೆದುಕೊಂಡರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ಇಷ್ಟೂ ಎರರ್‌ಗಳ ಮೂಲ ಒಂದೇ, ಹೋಸ್ಟ್ (ಬಿಲ್ಡ್ ನಡೆಯುವ ಕಂಪ್ಯೂಟರ್) ತೀರಾ ಹೊಸದು. ಹನ್ನೊಂದು ರೋಗವಿಲ್ಲ, ಒಂದೇ ರೋಗ.

ಮೂರನೇ ದಿನ ಸಂಜೆ ಅವನ ಆ್ಯಪ್ ಕಂಪೈಲ್ ಆಯಿತು. ಉಬುಂಟುವಿನ ಕಂಪೈಲರನ್ನು ಬಿಲ್ಡ್‌ರೂಟ್ ಒಪ್ಪದ ಕಾರಣ ಆ್ಯಪನ್ನು ಕೈಯಲ್ಲೇ ಕಟ್ಟಿದ್ದ. ಬೋರ್ಡಿಗೆ ಹಾಕಿ ಓಡಿಸಿದರೆ ಒಂದೇ ಸಾಲು: ಗ್ಲಿಬ್‌ಸಿ 2.34 ಸಿಗಲಿಲ್ಲ. 22.04ರ ಆರ್ಮ್ ಟೂಲ್‌ಚೈನ್ ಜೊತೆ ಬರುವುದು ಗ್ಲಿಬ್‌ಸಿ 2.35. ಅದಕ್ಕೆ ಲಿಂಕ್ ಆದ ಪ್ರೋಗ್ರಾಮ್ ಓಡಲು ಬೋರ್ಡಿನಲ್ಲಿ ಕನಿಷ್ಠ 2.34 ಇರಬೇಕು. ಬೋರ್ಡಿನಲ್ಲಿರುವುದು 2.19. ಹಳೆಯದಕ್ಕೆ ಕಟ್ಟಿದ್ದು ಹೊಸದರ ಮೇಲೆ ಓಡುತ್ತದೆ; ಹೊಸದಕ್ಕೆ ಕಟ್ಟಿದ್ದು ಹಳೆಯದರ ಮೇಲೆ ಓಡುವುದಿಲ್ಲ.

"ಇಷ್ಟೆಲ್ಲಾ ಮಾಡಿದ್ದು ವೇಸ್ಟ್ ಆಯ್ತಾ ಮೇಡಂ?" ಅಂತ ಕೇಳಿದ. ತೇಪೆಗಳು ವ್ಯರ್ಥವೇ. ನೋಟ್‌ಬುಕ್ ವ್ಯರ್ಥವಲ್ಲ, ಅದಿಲ್ಲದಿದ್ದರೆ ಆ ಮೂರು ದಿನ ನನ್ನದಾಗುತ್ತಿತ್ತು.

ಪೆಟ್ಟಿಗೆಯನ್ನೇ ಕೇಳುವುದು

ಕೆಟ್ಟ ಬಿಲ್ಡ್ ಪರಿಸರವನ್ನು ಸರಿಪಡಿಸಲು ಹೊರಟಾಗ ಎಲ್ಲರ ಕಣ್ಣೂ ಎರರ್ ಬರುತ್ತಿರುವ ಲ್ಯಾಪ್‌ಟಾಪಿನ ಮೇಲೇ ಇರುತ್ತದೆ. ನನ್ನ ಅನುಭವದಲ್ಲಿ ನಿಜವಾದ ಸಾಕ್ಷಿ ಇರುವುದು ಚೆನ್ನಾಗಿ ಓಡುತ್ತಿರುವ ಯಂತ್ರದೊಳಗೆ. ಹಳ್ಳಿಹಳ್ಳಿಯಲ್ಲಿ ದಿನಾ ಬೆಳಿಗ್ಗೆ ಕೆಲಸ ಮಾಡುತ್ತಿರುವ ಆ ಬೈನರಿಗಳು ಒಂದು ಪರಿಸರದಿಂದಲೇ ಹುಟ್ಟಿದವು. ಅದರ ಗುರುತು ಅವುಗಳ ಮೈಮೇಲಿದೆ.

ಸರ್ವಿಸ್‌ಗೆ ಬಂದಿದ್ದ ಮೂರು ಪೆಟ್ಟಿಗೆ ಕೇಳಿ ಪಡೆದೆ. ಮೊದಲ ಕೆಲಸ, ಎಸ್‌ಡಿ ಕಾರ್ಡಿನಿಂದ ಬೂಟ್ ಮಾಡಿ ಒಳಗಿನ ಇಎಂಎಂಸಿಯನ್ನು ಪೂರ್ತಿ ನಕಲು ತೆಗೆದು ಶಾ256 ಮೊತ್ತ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಬರೆದಿಟ್ಟದ್ದು. ಆಮೇಲೆ ಸೀರಿಯಲ್ ಕನ್ಸೋಲ್, 115200 ವೇಗದಲ್ಲಿ. ಎಸ್.ಪಿ. ರೋಡಿನಲ್ಲಿ ಯುಎಸ್‌ಬಿ–ಟಿಟಿಎಲ್ ಕೇಬಲ್ ಕೊಳ್ಳುವವರು 3.3 ವೋಲ್ಟಿನದ್ದೇ ಎಂದು ಕೇಳಿ ತೆಗೆದುಕೊಳ್ಳಿ. ಈ ಚಿಪ್ಪಿನ ಕಾಲುಗಳು 5 ವೋಲ್ಟ್ ತಡೆಯುವುದಿಲ್ಲ.

ಓಡುತ್ತಿರುವ ಕರ್ನಲ್ ತನ್ನ ವಿವರ ತೋರಿಸುವ ಪ್ರಾಕ್ ಫೋಲ್ಡರಿನ ವರ್ಷನ್ ಫೈಲು ಒಂದೇ ಸಾಲು. ಆದರೆ ಅದರಲ್ಲಿ ಕರ್ನಲ್ 4.4 ಎಂಬುದಷ್ಟೇ ಅಲ್ಲ, ಅದನ್ನು ಕಟ್ಟಿದ ಕಂಪೈಲರಿನ ಪೂರ್ತಿ ವಿಳಾಸವೇ ಇರುತ್ತದೆ: ಜಿಸಿಸಿ 4.9.2, ಲಿನಾರೊ 4.9-2014.09. ಪೆನ್ ಡ್ರೈವ್‌ನ ಟೂಲ್‌ಚೈನ್ ಅದೇ. ಹುಡುಗ ಬದಿಗಿಟ್ಟಿದ್ದೇ ಸರಿಯಾದದ್ದು.

ಅದೇ ಸಾಲಿನಲ್ಲಿ "#37" ಎಂದಿತ್ತು. ಕರ್ನಲ್ ಮರವೊಂದರಲ್ಲಿ ಪ್ರತಿ ಸಲ ಕರ್ನಲ್ ಲಿಂಕ್ ಆದಾಗಲೂ ಆ ಮರದಲ್ಲಿರುವ ಒಂದು ಅಡಗಿದ ಫೈಲಿನಲ್ಲಿ ಎಣಿಕೆ ಒಂದು ಏರುತ್ತದೆ. ಬಿಲ್ಡ್‌ರೂಟ್‌ನಲ್ಲಿ ಎಲ್ಲ ಅಳಿಸಿ ಮೊದಲಿಂದ ಕಟ್ಟಿದರೆ ಕರ್ನಲ್ ಸೋರ್ಸ್ ಹೊಸದಾಗಿ ಬಿಚ್ಚಿಕೊಳ್ಳುತ್ತದೆ, ಎಣಿಕೆ 1ರಿಂದ ಶುರುವಾಗುತ್ತದೆ. ಮಾರುಕಟ್ಟೆಗೆ ಹೋದ ಕರ್ನಲ್ 37ನೆಯದೆಂದರೆ ಆ ಮರವನ್ನು ಅಷ್ಟು ಕಾಲ ಯಾರೂ ಅಳಿಸಿ ಕಟ್ಟಿಲ್ಲ. ಇದನ್ನು ಓದಿ ನನಗೆ ಸ್ವಲ್ಪ ಭಯವೇ ಆಯಿತು. ಅಳಿಸದ ಮರದಲ್ಲಿ ಕೈಯಿಂದ ಹಾಕಿದ್ದು ಕೂತುಬಿಡುತ್ತದೆ, ಯಾವ ಕಾನ್ಫಿಗ್ ಫೈಲಿನಲ್ಲೂ ಅದರ ದಾಖಲೆ ಇರುವುದಿಲ್ಲ. ಇಟಿಸಿ ಫೋಲ್ಡರಿನ ಓಎಸ್-ರಿಲೀಸ್ ಫೈಲು ಆ ಅನುಮಾನವನ್ನು ಗಟ್ಟಿ ಮಾಡಿತು. ಬಿಲ್ಡ್‌ರೂಟ್ 2016.02 ಎಂದು ಹೇಳಿ, ಕೊನೆಗೆ "ಡರ್ಟಿ" ಎಂದು ಬಾಲ ಸೇರಿಸಿತ್ತು. ಗಿಟ್‌ಗೆ ಒಪ್ಪಿಸದ ಬದಲಾವಣೆಗಳು ಮರದಲ್ಲಿವೆ ಎಂದರ್ಥ.

ಒಳ್ಳೆಯ ಸುದ್ದಿಯೂ ಇತ್ತು. ಕರ್ನಲ್ ಕಾನ್ಫಿಗ್ ಪೂರ್ತಿಯಾಗಿ ಪ್ರಾಕ್ ಫೋಲ್ಡರಿನಲ್ಲೇ ಗಂಟು ಕಟ್ಟಿ ಇಟ್ಟಿತ್ತು. ಆ ಎಂಜಿನಿಯರ್ ಯಾರೋ, ಆ ಒಂದು ಆಯ್ಕೆಗೆ "ಹೌದು" ಎಂದಿದ್ದಕ್ಕೆ ಅವರಿಗೆ ನನ್ನ ಋಣವಿದೆ. ಸಿ ಲೈಬ್ರರಿಯ ಫೈಲನ್ನೇ ಪ್ರೋಗ್ರಾಮಿನ ಹಾಗೆ ಓಡಿಸಿದರೆ ಅದು ತನ್ನ ಆವೃತ್ತಿ ಹೇಳುತ್ತದೆ: 2.19. ಬೈನರಿಯ ವಿವರ ಓದುವ ರೀಡ್‌ಎಲ್ಫ್ ಹಾರ್ಡ್ ಫ್ಲೋಟ್, ಆರ್ಮ್ ವಿ7 ಎಂದಿತು. ಆ್ಯಪ್ ಬೈನರಿಯೊಳಗಿನ ಅಕ್ಷರಗಳನ್ನು ಸ್ಟ್ರಿಂಗ್ಸ್ ಕಮಾಂಡಿನಿಂದ ಹೊರತೆಗೆದಾಗ ಅಸರ್ಟ್ ಸಂದೇಶಗಳಲ್ಲಿ ಸೋರ್ಸ್ ಫೈಲುಗಳ ಪೂರ್ತಿ ದಾರಿ ಸಿಕ್ಕಿತು. ಹಳೆಯ ಪಿಸಿಯಲ್ಲಿ ಮರ ಯಾವ ಫೋಲ್ಡರಿನಲ್ಲಿತ್ತು ಎಂಬುದೂ ತಿಳಿದುಹೋಯಿತು. ಎರಡು ದಿನದಲ್ಲಿ ನನ್ನ ಕೈಯಲ್ಲಿ ಅಕೌಂಟ್ಸ್‌ಗೆ ಹೋದ ಪಿಸಿಯ ಹೆಚ್ಚುಕಡಿಮೆ ಪೂರ್ತಿ ಚಿತ್ರವಿತ್ತು.

ಹಳೆಯ ಪಿಸಿಯನ್ನು ಮತ್ತೆ ಕಟ್ಟುವುದು

ಇನ್ನು ತೇಪೆ ಬೇಡ, ಹಳೆಯ ಹೋಸ್ಟನ್ನೇ ವಾಪಸ್ ತರೋಣ ಎಂದು ಡಾಕರ್ ಕಂಟೇನರಿನಲ್ಲಿ (ಲ್ಯಾಪ್‌ಟಾಪಿನೊಳಗೇ ಬೇರೆಯಾಗಿ ಓಡುವ ಲಿನಕ್ಸ್ ಪರಿಸರ) ಉಬುಂಟು 14.04 ಎಬ್ಬಿಸಿದೆ. ಅದರಲ್ಲಿ ಜಿಸಿಸಿ 4.8, ಪರ್ಲ್ 5.18, ಪೈಥಾನ್ 2.7, ಎಲ್ಲ ಆ ಕಾಲದವೇ. 32 ಬಿಟ್ ಟೂಲ್‌ಚೈನ್ ಓಡಲು ಐ386 ಆರ್ಕಿಟೆಕ್ಚರನ್ನು ಸೇರಿಸಿ, ಅದರ ಸಿ ಲೈಬ್ರರಿ, ಸಿ++ ಲೈಬ್ರರಿ, ಝಡ್‌ಲಿಬ್ ಹಾಕಿದೆ. ಮರ, ಟೂಲ್‌ಚೈನ್ ಎರಡನ್ನೂ ಬೈನರಿ ಹೇಳಿದ ಅದೇ ದಾರಿಗಳಲ್ಲಿ ಇಟ್ಟೆ. ರೂಟ್ ಆಗಿ ಅಲ್ಲ, ಸಾಮಾನ್ಯ ಬಳಕೆದಾರರ ಹೆಸರಿನಲ್ಲಿ ಓಡಿಸಿದೆ. ಕಂಟೇನರ್ ಹೊರಗಿನ ಕರ್ನಲನ್ನೇ ಬಳಸುತ್ತದೆ ಎಂಬುದು ನೆನಪಿರಲಿ. 14.04ಕ್ಕೆ ಅದರಿಂದ ತೊಂದರೆಯಿಲ್ಲ. ಡೆಬಿಯನ್ 7ರಷ್ಟು ಹಿಂದಕ್ಕೆ ಹೋಗಬೇಕಾದವರು ಮಾತ್ರ, ಬ್ಯಾಶ್ ಶುರುವಾಗುತ್ತಲೇ ಬಿದ್ದರೆ ಹೊರಗಿನ ಕರ್ನಲ್‌ನ ವಿಸಿಸ್‌ಕಾಲ್ ಆಯ್ಕೆಯನ್ನು ನೋಡಬೇಕು.

ಹನ್ನೊಂದರಲ್ಲಿ ಒಂದು ತೇಪೆಯೂ ಬೇಕಾಗಲಿಲ್ಲ.

ಡೌನ್‌ಲೋಡ್ ಮಾತ್ರ ಕೈಕೊಟ್ಟಿತು. ಕಂಟೇನರಿನೊಳಗಿಂದ ಅನೇಕ ಸೈಟುಗಳಿಗೆ ಸುರಕ್ಷಿತ ಸಂಪರ್ಕ ಆಗಲಿಲ್ಲ. 2021ರ ಸೆಪ್ಟೆಂಬರ್ 30ಕ್ಕೆ ಹಳೆಯ ಒಂದು ರೂಟ್ ಸರ್ಟಿಫಿಕೇಟಿನ ಅವಧಿ ಮುಗಿದಿದೆ, ಆ ಬದಲಾವಣೆಯನ್ನು 14.04ರ ಹಳೆಯ ವ್ಯವಸ್ಥೆ ನಿಭಾಯಿಸಲಿಲ್ಲ. ಒಂದು ಪ್ಯಾಕೇಜ್ ಗಿಟ್‌ಹಬ್‌ನಿಂದ ಹಳೆಯ ಗಿಟ್ ಪ್ರೋಟೊಕಾಲ್‌ನಲ್ಲಿ ಬರಬೇಕಿತ್ತು. ಅದನ್ನು ಗಿಟ್‌ಹಬ್ 2022ರ ಮಾರ್ಚ್ 15ರಂದು ಶಾಶ್ವತವಾಗಿ ನಿಲ್ಲಿಸಿದೆ. ಸರ್ಟಿಫಿಕೇಟ್ ಪರೀಕ್ಷೆಯನ್ನೇ ಆರಿಸಿಬಿಡಿ ಎಂದು ಸಲಹೆ ಕೊಡುವವರಿದ್ದಾರೆ. ರೈತರ ಹಣದ ಲೆಕ್ಕ ಹಾಕುವ ಯಂತ್ರಕ್ಕೆ ಯಾರು ಕೊಟ್ಟದ್ದೆಂದು ನೋಡದೆ ಸೋರ್ಸ್ ತುಂಬಲು ನನಗೆ ಮನಸ್ಸಾಗಲಿಲ್ಲ. ಹೊರಗಿನ ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಗಂಟನ್ನು ಇಳಿಸಿಕೊಂಡು, ಬಿಲ್ಡ್‌ರೂಟ್ ಡೌನ್‌ಲೋಡ್‌ಗಳನ್ನು ಇಡುವ ಡಿಎಲ್ ಫೋಲ್ಡರಿಗೆ ಹಾಕಿದೆ. ಮೂಲ ಸೈಟಿನಲ್ಲಿ ಇಲ್ಲದವು ಬಿಲ್ಡ್‌ರೂಟ್‌ನವರೇ ನಡೆಸುವ ಬ್ಯಾಕಪ್ ಸೈಟಿನಲ್ಲಿದ್ದವು. ಹಲವು ಪ್ಯಾಕೇಜ್‌ಗಳ ಪಕ್ಕದಲ್ಲಿ ಬಿಲ್ಡ್‌ರೂಟ್ ಇಟ್ಟಿರುವ ಹ್ಯಾಶ್ (ಅಂಥದೇ ಬೆರಳಚ್ಚು) ಫೈಲು ಇರುತ್ತದೆ, ಗಂಟು ಎಲ್ಲಿಂದಲೇ ಬರಲಿ, ಅದಕ್ಕೆ ತಾಳೆಯಾಗದಿದ್ದರೆ ಬಿಲ್ಡ್ ಮುಂದೆ ಹೋಗುವುದಿಲ್ಲ. ಎಲ್ಲ ತಾಳೆಯಾದವು.

ಐವತ್ತು ನಿಮಿಷದಲ್ಲಿ ಬಿಲ್ಡ್ ಮುಗಿಯಿತು. ಎಸ್‌ಡಿ ಕಾರ್ಡಿಗೆ ಬರೆದು, ಇಎಂಎಂಸಿ ಮುಟ್ಟದೆ ಬೂಟ್ ಮಾಡಿದೆವು. ಕರ್ನಲ್ ಬಂತು, ಆ್ಯಪ್ ಬಂತು. ಯಜಮಾನರು ಕಾಫಿ ತರಿಸಿದರು.

ಒತ್ತು ಬಿದ್ದುಹೋದ ಕನ್ನಡ

ಆ ಮಹಡಿಯಲ್ಲಿ ಪರದೆಗಳನ್ನು ಪರೀಕ್ಷಿಸುವ ಒಬ್ಬ ಹಿರಿಯ ಹೆಂಗಸಿದ್ದಾರೆ. ಈ ಪೆಟ್ಟಿಗೆ ಶುರುವಾದಾಗಿಂದ ಪ್ರತಿಯೊಂದೂ ಅವರ ಕೈದಾಟಿಯೇ ಹೊರಗೆ ಹೋಗುವುದು. ನಾವು ಲಾಗ್ ನೋಡುತ್ತಾ ನಿಂತಿದ್ದಾಗ ಅವರು ಹತ್ತಿರ ಬಂದು ಪರದೆಗೆ ಬಗ್ಗಿದರು.

"ಮೇಡಂ, ಒತ್ತೆಲ್ಲಾ ಬಿದ್ದೋಗಿದೆ ನೋಡಿ. ಹಿಂಗೇ ಕಳ್ಸಿದ್ರೆ ಊರೋರು ಓದ್ತಾರಾ?"

"ಎಲ್ಲಕ್ಕಾ?" ಅಂದೆ. ಬೆರಳಿಟ್ಟು ತೋರಿಸಿದರು.

"ಸದಸ್ಯರ ಸಂಖ್ಯೆ" ಎಂದಿರಬೇಕಾದಲ್ಲಿ "ಸದಸ್‌ಯರ ಸಂಖ್‌ಯೆ". ಕೆಳಗಿನ ಸಾಲಿನಲ್ಲಿ "ಮೊತ್‌ತ". ಖಕಾರದ ತಲೆಯ ಮೇಲೆ ವಿರಾಮದ ಕೊಂಡಿ, ಅದರ ಮುಂದೆ ಪೂರ್ತಿ ಯಕಾರ, ಎತ್ವ ಯಾರದೂ ಅಲ್ಲದ ಹಾಗೆ ಪಕ್ಕದಲ್ಲಿ. "ದರ" ಎಂಬ ಪದ ಮಾತ್ರ ಸರಿಯಿತ್ತು, ಅದರಲ್ಲಿ ಒತ್ತೂ ಇಲ್ಲ, ಗುಣಿತವೂ ಇಲ್ಲ. ನಾವು ಮೂವರು ಅರ್ಧ ಗಂಟೆಯಿಂದ ಆ ಪರದೆಯ ಮುಂದೆಯೇ ಇದ್ದೆವು. ನೋಡಿದ್ದು ಅವರು.

ಕನ್ನಡದ ಅಕ್ಷರಗಳನ್ನು ಯೂನಿಕೋಡ್ ಕ್ರಮದಲ್ಲಿ ಒಂದರ ಪಕ್ಕ ಒಂದು ಬಿಡಿಸಿದರೆ ಕನ್ನಡ ಆಗುವುದಿಲ್ಲ. ಖ, ವಿರಾಮ, ಯ, ಎತ್ವ, ಈ ನಾಲ್ಕನ್ನು ಓದಿ ಫಾಂಟಿನೊಳಗಿನ ನಿಯಮಗಳ ಪ್ರಕಾರ "ಖ್ಯೆ" ಎಂಬ ಒಂದು ಆಕಾರ ಮಾಡುವ ಕೆಲಸ ಬೇರೆಯೇ ಇದೆ. ಲಿನಕ್ಸ್‌ನಲ್ಲಿ ಆ ಕೆಲಸ ಮಾಡುವ ಲೈಬ್ರರಿ ಹಾರ್ಫ್‌ಬಜ್. ಫ್ರೀಟೈಪ್ ಅಕ್ಷರದ ಚಿತ್ರ ಬಿಡಿಸುತ್ತದೆ; ಯಾವ ಚಿತ್ರ, ಎಲ್ಲಿ ಎಂದು ಹೇಳುವುದು ಹಾರ್ಫ್‌ಬಜ್.

ಹಳೆಯ ಆ್ಯಪ್ ಬೈನರಿಗೆ ರೀಡ್‌ಎಲ್ಫ್ ಹಾಕಿದೆ. ಬೇಕಾದ ಲೈಬ್ರರಿಗಳ ಪಟ್ಟಿಯಲ್ಲಿ ಹಾರ್ಫ್‌ಬಜ್ ಇದೆ. ಹೊಸದಕ್ಕೆ ಹಾಕಿದೆ, ಇಲ್ಲ. ಆ್ಯಪ್ ಕಟ್ಟುವ ಸೂಚನೆಗಳಿರುವ ಮೇಕ್‌ಫೈಲ್ ತೆರೆದರೆ ಕಾರಣ ಸಿಕ್ಕಿತು: ಲೈಬ್ರರಿ ಹುಡುಕಿಕೊಡುವ ಪಿಕೆಜಿ-ಕಾನ್ಫಿಗ್‌ಗೆ ಹಾರ್ಫ್‌ಬಜ್ ಸಿಕ್ಕಿದರೆ ಅದನ್ನು ಸೇರಿಸಿಕೊಳ್ಳುತ್ತದೆ, ಸಿಗದಿದ್ದರೆ ಸದ್ದಿಲ್ಲದೆ ಅದಿಲ್ಲದೆ ಕಟ್ಟುತ್ತದೆ. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. ಹನ್ನೊಂದು ಎರರ್ ಕೂಗಿ ಹೇಳಿದ್ದಕ್ಕಿಂತ ಈ ಒಂದು ಮೌನ ಹೆಚ್ಚು ಅಪಾಯದ್ದು. ಇಂತಹ ಮೇಕ್‌ಫೈಲ್ ಬರೆಯುವವರಿಗೆ ನನ್ನ ಕಳಕಳಿಯ ಕೋರಿಕೆ: ಬೇಕೇ ಬೇಕಾದ ಲೈಬ್ರರಿ ಸಿಗದಿದ್ದರೆ ಬಿಲ್ಡ್ ಅಲ್ಲೇ ನಿಲ್ಲಲಿ.

2017ರ ಜಿಪ್‌ನ ಕಾನ್ಫಿಗ್‌ನಲ್ಲಿ ಹಾರ್ಫ್‌ಬಜ್ ಇರಲೇ ಇಲ್ಲ. ಪೆಟ್ಟಿಗೆಯ ಲೈಬ್ರರಿ ಫೋಲ್ಡರಿನಲ್ಲಿ ಮಾತ್ರ ಇತ್ತು, ಫೈಲಿನ ಹೆಸರಿನ ಕೊನೆಗೆ 0.10702.0. ಆ ಮಧ್ಯದ ಅಂಕಿಯೇ ಆವೃತ್ತಿ: 1.7.2. ಜಿಪ್ ಮಾಡಿದ ಮೇಲೆ ಬಂದ ಆವೃತ್ತಿ ಅದು, ಬಿಲ್ಡ್‌ರೂಟ್ 2016.02ರಲ್ಲಿರುವುದಕ್ಕಿಂತ ಹೊಸದು. ಯಾರೋ ಅದನ್ನು ಬೇರೆಯಾಗಿ ಕಂಪೈಲ್ ಮಾಡಿ ಲಿಂಕ್ ಮಾಡುವಾಗ ನೋಡುವ ಸ್ಟೇಜಿಂಗ್ ಫೋಲ್ಡರಿಗೂ ಬೋರ್ಡಿಗೆ ಹೋಗುವ ಟಾರ್ಗೆಟ್ ಫೋಲ್ಡರಿಗೂ ಕೈಯಿಂದ ಹಾಕಿದ್ದರು. ಮರವನ್ನು ಎಂದೂ ಅಳಿಸದೇ ಇದ್ದುದರಿಂದ ಅದು ಅಲ್ಲೇ ಉಳಿದು, ಮುಂದಿನ ಎಲ್ಲ ಬಿಲ್ಡ್‌ಗಳಿಗೂ ಸಿಗುತ್ತಾ ಹೋಯಿತು. #37 ಮತ್ತು "ಡರ್ಟಿ" ಮೊದಲ ದಿನವೇ ಸೂಚಿಸಿದ್ದು ಇದನ್ನೇ. ಪೆಟ್ಟಿಗೆಯ ಲೈಬ್ರರಿ ಪಟ್ಟಿಯನ್ನೂ ಹೊಸ ಬಿಲ್ಡ್‌ನ ಪಟ್ಟಿಯನ್ನೂ ಆಗಲೇ ಪಕ್ಕಪಕ್ಕ ಇಟ್ಟು ನೋಡಬೇಕಿತ್ತು. ಈಗ ನಾನು ಬೂಟ್ ಮಾಡುವ ಮೊದಲೇ ಆ ಹೋಲಿಕೆ ಮಾಡುತ್ತೇನೆ.

ಹಾರ್ಫ್‌ಬಜ್ ಪ್ಯಾಕೇಜನ್ನು 1.7.2ಕ್ಕೆ ಏರಿಸುವ ಪ್ಯಾಚ್ ಬರೆದು, ಹ್ಯಾಶ್ ಸೇರಿಸಿ, ಕಾನ್ಫಿಗ್‌ನಲ್ಲಿ ಆಯ್ಕೆ ಮಾಡಿ, ಗಿಟ್‌ಗೆ ಒಪ್ಪಿಸಿದೆ. ಎಲ್ಲ ಅಳಿಸಿ ಮತ್ತೆ ಕಟ್ಟಿದೆ. ಆ ಅಕ್ಕ ಪರದೆ ನೋಡಿ ತಲೆಯಾಡಿಸಿ ತಮ್ಮ ಮೇಜಿಗೆ ಹೋದರು.

ಅದೇ ಇದು ಎಂದು ಹೇಳುವುದು ಹೇಗೆ

ಕನ್ನಡ ಸರಿಯಾಯಿತು. ಕಣ್ಣಿಗೆ ಕಾಣದ ಇನ್ನೇನು ಬಾಕಿಯಿದೆಯೋ? ಇದು ನನ್ನನ್ನು ಎರಡು ದಿನ ಕಾಡಿತು. ಹಾಗಾಗಿ ಮೋಡೆಮ್‌ನ ಕೆಲಸಕ್ಕೆ ಕೈ ಹಾಕುವ ಮೊದಲು 2018ರ ಬಿಡುಗಡೆಯನ್ನೇ ಒಂದಕ್ಷರ ಬದಲಿಸದೆ ಕಟ್ಟಿ, ಪೆಟ್ಟಿಗೆಯಲ್ಲಿರುವುದರ ಜೊತೆ ಬೈಟ್ ಬೈಟಾಗಿ ಹೋಲಿಸಿದೆವು.

ಕರ್ನಲ್ ಕಾನ್ಫಿಗ್: ವ್ಯತ್ಯಾಸ ಸೊನ್ನೆ ಸಾಲು. ಪೆಟ್ಟಿಗೆಯಿಂದ ತೆಗೆದ ಹಳೆಯ ಮಾಡ್ಯೂಲ್ (ಬೇಕಾದಾಗ ಕರ್ನಲ್‌ಗೆ ಸೇರಿಸುವ ತುಂಡು) ಹೊಸ ಕರ್ನಲ್‌ಗೆ ತಕರಾರಿಲ್ಲದೆ ಲೋಡ್ ಆಯಿತು. ಮಾಡ್ಯೂಲ್‌ನ ವರ್ಷನ್ ಗುರುತು ಒಂದಿಷ್ಟು ಬೇರೆಯಿದ್ದರೂ ಕರ್ನಲ್ ಅದನ್ನು ಒಳಗೆ ಬಿಡುವುದಿಲ್ಲ, ಹಾಗಾಗಿ ಇದು ಒಳ್ಳೆಯ ಪರೀಕ್ಷೆ.

ಆಮೇಲೆ ಆ್ಯಪ್. ಎರಡೂ ಬೈನರಿಗಳ ಗಾತ್ರ ಒಂದೇ. ಕೋಡ್ ಇರುವ ಭಾಗ ಪೂರ್ತಿ ಒಂದೇ. ಬೇರೆಯಿದ್ದ ಬೈಟ್‌ಗಳನ್ನು ಪಟ್ಟಿ ಮಾಡಿಸಿದಾಗ ಬಂದವು ಕೆಲವೇ, ಎಲ್ಲವೂ ಎರಡು ಜಾಗದಲ್ಲಿ. ಹುಡುಗ ಆ ಜಾಗವನ್ನು ಹೆಕ್ಸ್‌ನಲ್ಲಿ ತೆರೆದ. ಒಂದು ಕಡೆ ಹನ್ನೊಂದು ಅಕ್ಷರದ ದಿನಾಂಕ, ಇನ್ನೊಂದು ಕಡೆ ಎಂಟು ಅಕ್ಷರದ ಸಮಯ. ಆ್ಯಪ್ ತನ್ನ "ಕುರಿತು" ಪರದೆಯಲ್ಲಿ ತೋರಿಸಲು ಕಂಪೈಲ್ ಆದ ದಿನ, ಗಂಟೆಯನ್ನು ಒಳಗಿಟ್ಟುಕೊಳ್ಳುತ್ತದೆ. ಒಂದರಲ್ಲಿ 2018, ಇನ್ನೊಂದರಲ್ಲಿ ನಿನ್ನೆ. ಅದನ್ನು ಬಿಟ್ಟು ಮತ್ತೇನೂ ಇಲ್ಲ.

ಹುಡುಗ ಬಹಳ ಹೊತ್ತು ಆ ಪರದೆಯನ್ನೇ ನೋಡುತ್ತಿದ್ದ. ನಾನೂ.

ಇಷ್ಟು ಕಟ್ಟುನಿಟ್ಟು ಬೇಕಾ ಎಂದು ಯಜಮಾನರು ಕೇಳಿದರು. ಎರಡು ಕಾರಣಕ್ಕೆ ಬೇಕು ಸರ್ ಅಂದೆ. ಫ್ಯಾಟ್ ಅಂಕಿ, ದರ, ಮೊತ್ತ ಎಲ್ಲ ದಶಾಂಶದ ಲೆಕ್ಕ. ಕಂಪೈಲರ್ ಬದಲಾಗಿ ಎಲ್ಲೋ ಒಂದು ಪೈಸೆ ಆಚೀಚೆ ಆದರೆ ಡೇರಿಯಲ್ಲಿ ಜಗಳ ಆಗುವುದು ಬೆಳಿಗ್ಗೆ ಆರು ಗಂಟೆಗೆ, ನಮ್ಮ ಎದುರಿಗಲ್ಲ. ಇನ್ನೊಂದು, ಕರ್ನಲ್ ಬಂದಿರುವುದು 1991ರ ಜಿಪಿಎಲ್ ಎರಡನೇ ಆವೃತ್ತಿಯ ಲೈಸೆನ್ಸಿನಲ್ಲಿ. ಅದರ ಮೂರನೇ ಕಲಮಿನ ಪ್ರಕಾರ ಸೋರ್ಸ್ ಎಂದರೆ ಬರೀ ಸಿ ಫೈಲುಗಳಲ್ಲ, ಕಂಪೈಲ್ ಮಾಡುವುದನ್ನೂ ಇನ್‌ಸ್ಟಾಲ್ ಮಾಡುವುದನ್ನೂ ನಡೆಸುವ ಸ್ಕ್ರಿಪ್ಟ್‌ಗಳೂ ಸೇರಿ. ಪೆಟ್ಟಿಗೆ ಕೊಂಡವರು ಯಾರಾದರೂ ಕೇಳಿದರೆ ಕೊಡಬೇಕು. ಆ ಪಿಸಿಯನ್ನು ಅಳಿಸಿದ ದಿನ ಕಂಪನಿ ಕಳೆದುಕೊಂಡದ್ದು ತನ್ನ ಅನುಕೂಲ ಮಾತ್ರವಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡು ಹಾರ್ಡ್ ಡಿಸ್ಕ್ ತರಿಸ್ತೀನಿ" ಅಂದರು.

ಆ ಡಿಸ್ಕ್‌ಗಳಿಗೆ ಹೋದದ್ದು: ಡಿಎಲ್ ಫೋಲ್ಡರ್ ಪೂರ್ತಿ, ಟೂಲ್‌ಚೈನ್ ಗಂಟು, ಬಿಲ್ಡ್‌ರೂಟ್ ಮರದ ಗಿಟ್ ನಕಲು, ಬಿಲ್ಡ್‌ರೂಟ್‌ನ ಲೀಗಲ್-ಇನ್ಫೊ ಕಮಾಂಡ್ ತೆಗೆದುಕೊಟ್ಟ ಲೈಸೆನ್ಸ್ ಮತ್ತು ಸೋರ್ಸ್ ಕಟ್ಟು, ಪೆಟ್ಟಿಗೆಯ ಇಎಂಎಂಸಿ ನಕಲು, ಮತ್ತು ಕಂಟೇನರಿನ ಇಮೇಜನ್ನೇ ಡಾಕರ್ ಸೇವ್ ಮಾಡಿದ ಟಾರ್ ಫೈಲು. ಡಾಕರ್‌ಫೈಲ್ ಇದ್ದರೆ ಸಾಲದೇ ಎಂದು ಹುಡುಗ ಕೇಳಿದ. ಡಾಕರ್‌ಫೈಲ್ ಅಡುಗೆಯ ವಿಧಾನ ಮಾತ್ರ. ಅದು ಬೇಳೆ ಬೆಲ್ಲ ತರಲು ಮತ್ತೆ ಅಂಗಡಿಗೇ ಹೋಗುತ್ತದೆ. ಉಬುಂಟು 14.04ರ ಪ್ಯಾಕೇಜುಗಳು ಇಂದು ಸಿಗುತ್ತಿವೆ, ನಾಳೆಯೂ ಆ ಅಂಗಡಿ ತೆರೆದಿರುತ್ತದೆ ಎಂದು ನಾನು ಬರೆದುಕೊಡಲಾರೆ. ಒಂದು ಡಿಸ್ಕ್ ಕಾರ್ಖಾನೆಯ ಬೀರುವಿನಲ್ಲಿ, ಇನ್ನೊಂದು ಯಜಮಾನರ ಮನೆಯಲ್ಲಿ. ಅಂತರ್ಜಾಲದ ತಂತಿ ಕಿತ್ತು, ಬೇರೊಂದು ಲ್ಯಾಪ್‌ಟಾಪಿನಲ್ಲಿ, ಬೀರುವಿನ ಡಿಸ್ಕ್ ಒಂದರಿಂದಲೇ ಹುಡುಗ ಒಬ್ಬನೇ ಪೂರ್ತಿ ಬಿಲ್ಡ್ ಮಾಡಿ ತೋರಿಸಿದ ಮೇಲೆಯೇ ಆ ಕೆಲಸ ಮುಗಿಯಿತು ಎಂದು ಬರೆದುಕೊಂಡೆ.

ಮೋಡೆಮ್‌ಗೆ ಕೊನೆಗೆ ಬೇಕಾದದ್ದು ಕರ್ನಲ್ ಕಾನ್ಫಿಗ್‌ನಲ್ಲಿ ಎರಡು ಆಯ್ಕೆ, ಡ್ರೈವರಿನ ಪಟ್ಟಿಯಲ್ಲಿ ಒಂದು ಸಾಲು. ಅರ್ಧ ದಿನದ ಕೆಲಸ.

ಕನಕಪುರದ ಕಡೆಯ ಒಂದು ಹಳ್ಳಿಯ ಡೇರಿಯಲ್ಲಿ ಮೊದಲ ಪೆಟ್ಟಿಗೆ ಇಟ್ಟೆವು. ಬೆಳಗಿನ ಹಾಲು ಮುಗಿದು, ಕ್ಯಾನುಗಳು ಗಾಡಿ ಹತ್ತಿದ ಮೇಲೆ ಕಾರ್ಯದರ್ಶಿಯವರ ಮೇಜಿನ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟು ಸೀರಿಯಲ್ ಕೇಬಲ್ ಚುಚ್ಚಿದೆ. ಲೆಕ್ಕ ಮೇಲಕ್ಕೆ ಹೋಗಿತ್ತು. ಪ್ರಾಕ್ ಫೋಲ್ಡರಿನ ವರ್ಷನ್ ಫೈಲು ನೋಡಿದೆ. ಅದೇ ಕರ್ನಲ್, ಅದೇ 2014ರ ಕಂಪೈಲರ್, ಅದರ ಮುಂದೆ "#1".